ಎಳೆ ಹಾಯಿಸಿ ನೋಡುತ್ತಿದ್ದ ಅಕ್ಕ

ಓದುಗರಲ್ಲಿ ಮೊದಲೇ ಕ್ಷಮೆ ಕೋರುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಬರವಣಿಗೆಯನ್ನು ಪುಸ್ತಕ ನೋಡಿ ಕಲಿತೆನೇ ಹೊರತು ಮನೆಯಲ್ಲಿ ಕೇಳಿ ಕಲಿಯಲಿಲ್ಲ. ಇಲ್ಲಿ ಸಂಗತಿಗಳು ಹಿಂದುಮುಂದಾಗಿರಬಹುದು, ಕೆಲವು ಮಾತು ಒರಟಾಗಿ ಬಂದಿರಬಹುದು. ಒರಟಾದದ್ದನ್ನು ಈ ಸಲ ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ತಿದ್ದಿ ಬರೆದು ನಾನು ಏನು ಮಾಡಿದೆನೆಂಬುದು ಮುಂದೆ ತಿಳಿಯುತ್ತದೆ.

ಕಳೆದ ತಿಂಗಳು ಬಾಶೆಟ್ಟಿಹಳ್ಳಿಯ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಬ್ಬರಿಗೆ ಬೀಳ್ಕೊಡುಗೆ ನಡೆಯಿತು. ಶಾಲು, ಹಣ್ಣಿನ ತಟ್ಟೆ, ಒಂದು ಗೋಡೆ ಗಡಿಯಾರ. ಮ್ಯಾನೇಜರ್ ಮೈಕ್ ಹಿಡಿದು, "ಪ್ಯಾಕಿಂಗ್ ವಿಭಾಗದಲ್ಲಿ ಶ್ರದ್ಧೆಯಿಂದ ಸ್ಟಿಕ್ಕರ್ ಅಂಟಿಸುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಚಪ್ಪಾಳೆಯ ಸಿಟ್ಟು ನನ್ನ ಅಂಗೈಯಿಂದ ಇನ್ನೂ ಇಳಿದಿಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದಕ್ಕೆ ಅವರು, "ನನ್ನ ಹೆಸರು ಹಾಕ್ಬೇಡ ಕಣಮ್ಮ. ಹೆಸರು ಹಾಕಿದ್ರೆ ನೀನು ಹೊಗಳಕ್ಕೆ ಶುರು ಮಾಡ್ತೀಯ" ಎಂದಿದ್ದರು. ಕಾರ್ಖಾನೆಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಇಲ್ಲಿಯೂ ಅಷ್ಟೇ ಇರಲಿ.

ಅಕ್ಕ ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡು ಮನೆಯ ಮಗ್ಗಗಳು ನಿಂತ ಮೇಲೆ ಕಾರ್ಖಾನೆ ಸೇರಿದರು. ಕೊನೆಯ ಎಂಟು ತಿಂಗಳನ್ನು ಬಿಟ್ಟರೆ ಅವರ ಇಡೀ ಸೇವೆ ನಡೆದದ್ದು ತಪಾಸಣೆಯ ಮೇಜಿನಲ್ಲಿ. ಕುಳ್ಳಗಿನ ದೇಹ, ಎಣ್ಣೆ ಹಚ್ಚಿ ಬಿಗಿದ ತುರುಬು, ಕಾರ್ಖಾನೆಯ ನೀಲಿ ಕೋಟಿನೊಳಗಿಂದ ಇಣುಕುವ ಸೀರೆಯ ಸೆರಗು. ಕೊರಳಿನ ಗುರುತಿನ ಚೀಟಿಯ ಹಿಂದೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಸುತ್ತಿ ಮಡಚಿಟ್ಟ ಒಂದಿಷ್ಟು ರೇಷ್ಮೆ ಎಳೆ ಸದಾ ಇರುತ್ತಿತ್ತು. ಬೇರೆಯವರು ಅಲ್ಲಿ ಬಸ್ ಪಾಸು ಇಡುತ್ತಾರೆ.

ನಮ್ಮಲ್ಲಿ ತಯಾರಾಗುವುದು ಹಲ್ಲು ನೆಟ್ಟಗಾಗಲು ಹಾಕುವ ಕ್ಲಿಪ್ಪಿನ ಸಾಮಾನು. ಜನ ಒಟ್ಟಾಗಿ ಕ್ಲಿಪ್ ಎನ್ನುವುದರಲ್ಲಿ ಎರಡು ಭಾಗಗಳಿವೆ. ಒಂದೊಂದು ಹಲ್ಲಿಗೂ ಅಂಟಿಸುವ, ನುಚ್ಚಕ್ಕಿಯಷ್ಟು ಚಿಕ್ಕದಾದ ಬ್ರಾಕೆಟ್. ಆ ಬ್ರಾಕೆಟ್ಟುಗಳ ಸೀಳಿನಲ್ಲಿ ಹಾದು ಹಲ್ಲುಗಳನ್ನು ಎಳೆಯುವ ತಂತಿ. ತಂತಿ ಜಾರದಂತೆ ಪ್ರತಿ ಬ್ರಾಕೆಟ್ಟಿಗೂ ಒಂದು ಪುಟ್ಟ ರಬ್ಬರ್ ಉಂಗುರ ಹಾಕುವುದು ಹಳೆಯ ಪದ್ಧತಿ. ಉಂಗುರದಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ, ತಂತಿ ಸರಾಗವಾಗಿ ಜಾರುವುದಿಲ್ಲ, ನೋವು ಹೆಚ್ಚು. ಹೋದ ವರ್ಷ ನಮ್ಮವರು ಹೊಸದೊಂದನ್ನು ರೂಪಿಸಿದರು. ಬ್ರಾಕೆಟ್ಟಿಗೇ ಒಂದು ಬಾಗಿಲು, ಕಾಗದದಷ್ಟು ತೆಳುವಾದ ಲೋಹದ ತಗಡು. ಸರಿಸಿದರೆ ತೆರೆಯುತ್ತದೆ, ತಳ್ಳಿದರೆ ಮುಚ್ಚುತ್ತದೆ, ತಂತಿ ಒಳಗೆ ಹಗುರವಾಗಿ ಓಡಾಡುತ್ತದೆ. ಕಲ್ಪನೆ ನಿಜಕ್ಕೂ ಒಳ್ಳೆಯದು. ನನ್ನ ಸಿಟ್ಟು ಅದರ ಮೇಲಲ್ಲ.

ಅದರ ಜೊತೆಗೆ ಬಂದ ಹೊಸ ತಂತಿಯನ್ನು ನಮ್ಮ ತರುಣ ಎಂಜಿನಿಯರ್ ಒಂದು ದಿನ ಎಲ್ಲರಿಗೂ ತೋರಿಸಿದರು. ಕೈಯಲ್ಲಿ ಮುದುಡಿ ಉಂಡೆ ಮಾಡಿದ ತಂತಿಯನ್ನು ಬಿಸಿನೀರಿನ ಲೋಟಕ್ಕೆ ಹಾಕಿದರೆ ಅದು ತನ್ನ ಕಮಾನಿನ ಆಕಾರವನ್ನು ನೆನೆಸಿಕೊಂಡು ತಾನೇ ಬಿಚ್ಚಿಕೊಂಡಿತು. ಬಾಯಿಯ ಬಿಸಿಗೂ ಅದು ಹೀಗೆಯೇ ನೆಟ್ಟಗಾಗುತ್ತಾ ಹಲ್ಲನ್ನು ಎಳೆಯುತ್ತದೆ ಎಂದರು. ಅಕ್ಕ ಲೋಟದೊಳಗೆ ಬಗ್ಗಿ ನೋಡಿ, "ನಮ್ಮ ಯಜಮಾನ್ರಿಗಿಂತ ಇದೇ ವಾಸಿ ಸಾರ್. ಅವರು ಎಷ್ಟು ಬಿಸಿ ಮುಟ್ಟಿಸಿದ್ರೂ ನೆಟ್ಟಗಾಗ್ಲಿಲ್ಲ, ಹಂಗೇ ಹೋಗ್ಬಿಟ್ರು" ಎಂದರು. ಮೇಜಿನ ಸುತ್ತ ಇದ್ದ ಹೆಂಗಸರೆಲ್ಲ ನಕ್ಕರು. ನಾನು ನಗು ತಡೆದುಕೊಂಡೆ. ಎಂಜಿನಿಯರ್ ಎದುರಿಗೆ ನಗುವುದು ನನಗೆ ಸರಿ ಕಾಣಲಿಲ್ಲ.

ಇಲ್ಲಿ ನನ್ನ ಬಗ್ಗೆ ನಾಲ್ಕು ಮಾತು ಹೇಳದೆ ವಿಧಿಯಿಲ್ಲ. ನಾನು ಗುಣಮಟ್ಟ ವಿಭಾಗದಲ್ಲಿ ವರದಿ ಬರೆಯುವ ಕೆಲಸಕ್ಕೆ ಸೇರಿದವಳು. ನಮ್ಮ ಮನೆಯಲ್ಲಿಯೂ ಎರಡು ವಿದ್ಯುತ್ ಮಗ್ಗಗಳಿವೆ. ಅಪ್ಪ ನೇಯುತ್ತಾರೆ, ಅಮ್ಮ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾರೆ. ಮನೆಗೆ ಬರುವ ಯಾವುದೇ ಕಾಗದವಾಗಲಿ, ಕರೆಂಟ್ ಆಫೀಸಿನ ನೋಟೀಸಾಗಲಿ, ನೇಕಾರರ ಸಂಘದ ಸುತ್ತೋಲೆಯಾಗಲಿ, ಅಪ್ಪ ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು ನನ್ನ ಮುಂದೆ ತಂದಿಡುತ್ತಿದ್ದರು. "ಓದಿ ಹೇಳಮ್ಮ." ನಾನು ಓದಿ ಹೇಳಿದ್ದೇ ಮನೆಯಲ್ಲಿ ಕಾನೂನು. ಬೀದಿಯವರ ಮುಂದೆ ಅವರು, "ನಮ್ಮ ಹುಡುಗಿ ಬರೆದ್ರೆ ಅದನ್ನ ತಿದ್ದೋನು ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದರು. ಅಂಥ ಮಗಳು ಕಾರ್ಖಾನೆಯಲ್ಲಿ, ತಂದೆ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ, "ಜವಳಿ ವ್ಯವಹಾರ" ಎಂದು ಉತ್ತರಿಸುತ್ತಿದ್ದಳು.

ಅಕ್ಕ ನಮ್ಮ ಹಿಂದಿನ ಬೀದಿಯವರು. ಎಂಜಿನಿಯರ್ ಪಕ್ಕದಲ್ಲಿ ನಿಂತಿರುವಾಗಲೇ ದೊಡ್ಡ ದನಿಯಲ್ಲಿ, "ಏನಮ್ಮಾ, ನಿಮ್ಮಪ್ಪನ ಮಗ್ಗ ಆಡ್ತಾ ಐತಾ, ನಿಂತೈತಾ? ಅಮ್ಮನ ಬೆರಳು ಹೆಂಗೈತೆ?" ಎಂದು ಕೇಳುತ್ತಿದ್ದರು. ಕೇಳಿಸದವಳಂತೆ ಕಂಪ್ಯೂಟರ್ ನೋಡುತ್ತಿದ್ದೆ.

ಅವರ ತಪಾಸಣೆಯ ವಿಧಾನವನ್ನು ನಾನು ಬಲ್ಲೆ, ಅದು ನಮ್ಮ ಮನೆಯದೇ. ಮಗ್ಗಕ್ಕೆ ಹೊಸ ಹಣಿಗೆ ತಂದಾಗ, ಅಂದರೆ ಹಾಸಿನ ಎಳೆಗಳು ಹಾದುಹೋಗುವ ಉಕ್ಕಿನ ಬಾಚಣಿಗೆಯಂಥ ಭಾಗವನ್ನು ತಂದಾಗ, ಹಿರಿಯ ಹೆಂಗಸರು ಅದರ ಸಂದುಸಂದಿಗೂ ಒಂದು ಒಂಟಿ ರೇಷ್ಮೆ ಎಳೆ ಹಾಯಿಸಿ ನೋಡುತ್ತಾರೆ. ಕಣ್ಣಿಗೆ ಕಾಣದ ಸಿಬಿರು ಇದ್ದರೆ ಎಳೆ ಅಲ್ಲಿ ತಡೆಯುತ್ತದೆ. ಆ ಸಂದನ್ನು ಗುರುತು ಮಾಡಿ ಉಜ್ಜುತ್ತಾರೆ. ಇಲ್ಲವಾದರೆ ಹಾಸು ದಿನವೂ ಅಲ್ಲೇ ಹರಿಯುತ್ತದೆ. ಅಕ್ಕನಿಗೆ ಇದನ್ನು ಕಲಿಸಿದವರು ಅವರ ಅತ್ತೆ. ಸಿಬಿರು ಬಿಟ್ಟರೆ ಆ ದಿನ ಊಟದ ಹೊತ್ತಿಗೆ ಮಾತಾಡಿಸುತ್ತಿರಲಿಲ್ಲವಂತೆ. ಅದೇ ಎಳೆಯನ್ನು ಅಕ್ಕ ಬ್ರಾಕೆಟ್ಟಿನ ಸೀಳಿನಲ್ಲಿ, ಬಾಗಿಲಿನ ಅಂಚಿನಲ್ಲಿ ಹಾಯಿಸುತ್ತಿದ್ದರು. ಎಡಗೈಯ ಎರಡು ಬೆರಳಲ್ಲಿ ಬ್ರಾಕೆಟ್, ಎಳೆಯ ಒಂದು ತುದಿ ಬಲಗೈಯಲ್ಲಿ, ಇನ್ನೊಂದು ತುದಿ ತುಟಿಗಳ ನಡುವೆ. ಎಳೆ ತಡೆದರೆ ಅದು ತುಟಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಮೈಕ್ರೋಸ್ಕೋಪು ಇರುವಾಗ ಇದೇಕೆ ಎಂದು ಒಮ್ಮೆ ಕೇಳಿದೆ.

"ಕಣ್ಣು ಮೇಲೆ ನೋಡ್ತದೆ ಕಣಮ್ಮ. ಎಳೆ ಹಾದು ನೋಡ್ತದೆ."

ಹೊಸ ಬ್ರಾಕೆಟ್ಟಿನ ಒಂದು ದೊಡ್ಡ ಕಂತು ತಪಾಸಣೆಗೆ ಬಂದಾಗ ಅವರು ಮೂರು ತಟ್ಟೆಗಳನ್ನು ಪಕ್ಕಕ್ಕಿಟ್ಟರು. ಬಾಗಿಲು ಮುಚ್ಚಿರುವಾಗ ಎಲ್ಲವೂ ನುಣುಪು. ಆದರೆ ಎರಡು ಮೂರು ಸಲ ತೆರೆದು ಮುಚ್ಚಿದರೆ ತಗಡು ಉಜ್ಜಿ ಅಂಚಿನಲ್ಲಿ ಸಿಬಿರು ಏಳುತ್ತಿತ್ತು. ಎಳೆ ನಿಲ್ಲುತ್ತಿತ್ತು. ವೈದ್ಯರು ಪ್ರತಿ ಭೇಟಿಯಲ್ಲೂ ಬಾಗಿಲು ತೆರೆಯಲೇಬೇಕು. ಅಕ್ಕ ಎಂಜಿನಿಯರನ್ನು ಕರೆದು ತೋರಿಸಿದರು. ಅವರು ಮುಚ್ಚಿದ ಬ್ರಾಕೆಟ್ಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, "ಏನೂ ಇಲ್ವಲ್ಲ. ಅಕ್ಕ, ಈ ದಾರದ ಟೆಸ್ಟ್ ಯಾವ ಸ್ಟ್ಯಾಂಡರ್ಡಲ್ಲಿದೆ ಹೇಳಿ, ಒಪ್ಕೋತೀನಿ" ಎಂದು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ತಂತಿಯ ಲೋಟದ ಮುಂದೆ ನಗದವಳು ಇಲ್ಲಿ ನಕ್ಕೆ.

ಅಕ್ಕನಿಗೆ ಇಂಗ್ಲಿಷ್ ಬಾರದು. ವರದಿಯ ಪುಸ್ತಕ ಇಂಗ್ಲಿಷಿನಲ್ಲಿ. ಅವರು ಹೇಳುವುದು, ನಾನು ಬರೆಯುವುದು, ಹೀಗೆ ವಾಡಿಕೆ. "ಬರ್ಕೊ. ಬಾಗ್ಲು ಮೂರು ಸಲ ತೆಗೆದ ಮೇಲೆ ಎಳೆ ಹಿಡೀತದೆ. ಬಾಯಿಗೆ ಹಾಕೋ ಸಾಮಾನಲ್ಲ ಇದು." ನಾನು ಪೆನ್ನು ಹಿಡಿದು ಯೋಚಿಸಿದೆ. ಎಳೆ ಎಂಬ ಮಾತನ್ನು ಬರೆದರೆ ಓದಿದವರು ಏನೆಂದುಕೊಳ್ಳುತ್ತಾರೆ? ಮಗ್ಗದ ಮನೆಯ ವಾಸನೆ ಹೊಡೆಯುವುದಿಲ್ಲವೇ? ಕೊನೆಗೆ ನಾನು ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ: "ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ." ಒಂದು ಪದವೂ ಸುಳ್ಳಲ್ಲ. ಕೆಳಗೆ ಸಹಿ ಮಾಡಿದೆ.

"ನಾನ್ ಹೇಳಿದ್ದು ಬರೆದ್ಯಾ?"

"ಬರೆದೆ ಅಕ್ಕ."

ಅವರು ಪುಸ್ತಕವನ್ನು ಒಮ್ಮೆ ನೋಡಿ, "ನಿನ್ ಅಕ್ಷರ ಎಷ್ಟು ಚೆಂದ ಐತಮ್ಮ" ಎಂದರು.

ಆದರೂ ಅವರು ತಟ್ಟೆಗಳನ್ನು ಪಕ್ಕಕ್ಕಿಡುವುದನ್ನು ನಿಲ್ಲಿಸಲಿಲ್ಲ. ಉತ್ಪಾದನೆ ತಡವಾಗುತ್ತಿದೆ ಎಂದು ಗೊಣಗಾಟವಾಯಿತು. ತಪಾಸಣೆಗೆ ಡಿಪ್ಲೊಮಾ ಇದ್ದವರೇ ಬೇಕೆಂಬ ನಿಯಮವೊಂದು ಅದೇ ವಾರ ಎಲ್ಲಿಂದಲೋ ಹೊರಬಿತ್ತು. ಅಷ್ಟು ವರ್ಷ ಬೇಡವಾಗಿದ್ದ ಡಿಪ್ಲೊಮಾ! ಅಕ್ಕನನ್ನು ಪ್ಯಾಕಿಂಗ್ ಮೇಜಿಗೆ ಕಳುಹಿಸಿದರು. ಆ ಆದೇಶವನ್ನು ಬೆರಳಚ್ಚು ಮಾಡಿದವಳೂ ನಾನೇ.

ಪ್ಯಾಕಿಂಗಿನಲ್ಲಿ ಅವರ ಕೆಲಸ ಡಬ್ಬಿಗಳಿಗೆ ಸ್ಟಿಕ್ಕರ್ ಹಚ್ಚುವುದು. ಊರಾಚೆಯ ಆಸ್ಪತ್ರೆಗಳಿಗೆ ಹೋಗುವುದಕ್ಕೆ ಬಿಳಿಯದು, ಉಚಿತ ಶಿಬಿರಕ್ಕೆ ಹೋಗುವುದಕ್ಕೆ ಹಳದಿಯದು. ಅವರು ತೆಗೆದಿರಿಸಿದ್ದ ಮಾಲೆಲ್ಲ ಅವರ ಕೈಗೇ ಬಂತು, ಹಳದಿ ಸ್ಟಿಕ್ಕರಿಗಾಗಿ.

ಈ ಉಚಿತ ಶಿಬಿರದ ಬಗ್ಗೆ ಸೌಮ್ಯವಾಗಿ ಬರೆಯಲು ನನಗೆ ಆಗುತ್ತಿಲ್ಲ. ಕಾರ್ಮಿಕರ ಮನೆಯ ಮಕ್ಕಳಿಗೂ, ಮಧುರೆ, ಸಾಸಲು ಕಡೆಯ ಶಾಲೆಗಳ ಮಕ್ಕಳಿಗೂ ಹೊಸ ಮಾದರಿಯ ಕ್ಲಿಪ್ ಪುಕ್ಕಟೆ ಹಾಕುತ್ತೇವೆಂದು ಗೇಟಿನಲ್ಲಿ ಬ್ಯಾನರ್ ಕಟ್ಟಿದ್ದರು. ಎಳೆಯ ಮಾತನ್ನು ನಂಬದ ನಾನು ಸಂತೋಷದಿಂದ ಅರ್ಜಿ ಮನೆಗೆ ತಂದೆ. ನನ್ನ ತಂಗಿಗೆ ಮೇಲಿನ ಎರಡು ಹಲ್ಲು ಮುಂದೆ ಚಾಚಿದ್ದವು. ಪಿಯುಸಿ ಓದುವ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು, "ಏನು ಬರೆದವ್ರೆ, ಓದಿ ಹೇಳಮ್ಮ" ಎಂದರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಈ ಸಾಮಗ್ರಿ ಇನ್ನೂ ಪರಿಶೀಲನೆಯ ಹಂತದಲ್ಲಿದೆ, ತೊಂದರೆಯಾದಲ್ಲಿ ಕಂಪನಿ ಹೊಣೆಯಲ್ಲ ಎಂದಿತ್ತು. "ಏನೂ ಇಲ್ಲಪ್ಪ, ಮಾಮೂಲು" ಎಂದು ಸಹಿ ಮಾಡುವ ಜಾಗ ತೋರಿಸಿದೆ.

ಮೊದಲ ವಾರ ಚೆನ್ನಾಗಿತ್ತು. ಎರಡನೆಯ ಭೇಟಿಯಲ್ಲಿ ಬಾಗಿಲುಗಳನ್ನು ತೆರೆದು ತಂತಿ ಬದಲಿಸಿದ ಮೇಲೆ ತಂಗಿಯ ಕೆನ್ನೆಯ ಒಳಭಾಗ ಸೀಳಲು ಆರಂಭವಾಯಿತು. ಮುದ್ದೆಯನ್ನು ಸಾರಿಲ್ಲದೆ ನುಂಗಿದಳು, ಆಮೇಲೆ ಬರೀ ಮಜ್ಜಿಗೆ ಅನ್ನ, ಆಮೇಲೆ ಅದೂ ಬೇಡವೆಂದಳು. ಶಿಬಿರದ ವೈದ್ಯರು ಬಾಯನ್ನು ಅರೆಗಳಿಗೆ ನೋಡಿ, "ಹೊಸದರಲ್ಲಿ ಹೀಗೇ. ಉಪ್ಪುನೀರು ಮುಕ್ಕಳಿಸಿ, ಹೊಂದಿಕೊಳ್ಳುತ್ತೆ" ಎಂದರು. ಅಮ್ಮ, "ಚೆಂದ ಆಗ್ಬೇಕು ಅಂದ್ರೆ ತಡ್ಕೋಬೇಕು ಕಣೆ" ಎಂದರು. ನಾನು ಉಪ್ಪುನೀರು ಕಾಯಿಸಿ ಕೊಟ್ಟೆ.

ಒಂದು ಭಾನುವಾರ ಬೆಳಗ್ಗೆ ಅಕ್ಕ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. "ನಿನ್ ತಂಗಿಗೂ ಹಳ್ದಿ ಡಬ್ಬೀದೇ ಹಾಕವ್ರೆ ಅಂತ ಬೀದೀಲಿ ಹೇಳಿದ್ರು" ಎಂದು ಒಳಗೆ ಬಂದರು. ಅಪ್ಪನಿಗೆ ಮಗ್ಗ ನಿಲ್ಲಿಸಲು ಹೇಳಿದರು. ಸದ್ದು ನಿಂತಿತು. ಬಿಸಿನೀರು ತರಿಸಿ ಕೈ ತೊಳೆದು, ಹೊಸ ರೇಷ್ಮೆ ಎಳೆಯೊಂದನ್ನು ಅದರಲ್ಲಿ ಅದ್ದಿ, ತಂಗಿಯನ್ನು ಹೊಸ್ತಿಲಿನ ಬೆಳಕಿಗೆ ಕೂರಿಸಿದರು. "ಆ ಅನ್ನು ಮಗಳೇ. ನಾನೇನು ಕೀಳಲ್ಲ, ಸುಮ್ನೆ ನೋಡ್ತೀನಿ." ಒಂದೊಂದು ಬ್ರಾಕೆಟ್ಟಿನ ಮೇಲೂ ಎಳೆ ಹಾಯಿಸಿದರು. ಒಂದು, ಎರಡು ಸಲೀಸಾಗಿ ಜಾರಿತು. ಮೂರನೆಯದರಲ್ಲಿ ನಿಂತಿತು. ಅಕ್ಕ ಮೆಲ್ಲಗೆ ಬಿಡಿಸಿದರು. ಮತ್ತೆ ಮುಂದೆ, ಮತ್ತೆ ನಿಂತಿತು. ಎಳೆಯನ್ನು ಹೊರತೆಗೆದಾಗ ಅದರ ಬಿಳುಪಿನಲ್ಲಿ ಅಲ್ಲಲ್ಲಿ ತಿಳಿಗೆಂಪು ಬಣ್ಣ ಹತ್ತಿತ್ತು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ನೋಡಿದರು. ನೇಕಾರನಿಗೆ ಬೇರೆ ವಿವರಣೆ ಬೇಕಿರಲಿಲ್ಲ.

"ಇದು ಮೊದ್ಲೇ ಗೊತ್ತಾಗಿರ್ಲಿಲ್ವಾ ಅಕ್ಕಾ?" ಎಂದು ಅಪ್ಪ ಕೇಳಿದರು.

"ನಾನು ಹೇಳಿದ್ದೆ. ಬರೆಸಿದ್ದೆ." ಅಕ್ಕ ನನ್ನ ಕಡೆ ತಿರುಗಿದರು. "ಏನು ಬರೆದೆಯಮ್ಮ ಅವತ್ತು?"

ಹೇಳಿದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡ ಮಾಡಿ, ಇದ್ದದ್ದು ಇದ್ದಂತೆ ಹೇಳಿದೆ. ಅರ್ಜಿಯ ಸಣ್ಣ ಅಕ್ಷರಗಳನ್ನೂ ಹೇಳಿದೆ. ಅಕ್ಕ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಇಂದು ಇದನ್ನು ಬರೆಯುತ್ತಿರಲಿಲ್ಲವೇನೋ. ಅವರು ಅಪ್ಪನ ಕೈಯಿಂದ ಎಳೆಯನ್ನು ತೆಗೆದುಕೊಂಡು ಕಾಗದದಲ್ಲಿ ಸುತ್ತುತ್ತಾ, "ತಪ್ಪಿಲ್ದಂಗೆ ಬರೆದಿದ್ದೀಯ" ಎಂದರು. ಅಷ್ಟೇ.

ಮರುದಿನ ಇಬ್ಬರೂ ಮ್ಯಾನೇಜರರ ಕೋಣೆಗೆ ಹೋದೆವು. ಅವರು ಕುರ್ಚಿಗೆ ಒರಗಿ, "ನೋಡಮ್ಮಾ, ದುಡ್ಡು ಕೊಟ್ಟು ಹಾಕಿಸ್ಕೊಳ್ಳೋರಿಗೆ ಬೇರೆ, ಶಿಬಿರ ಅಂದ್ಮೇಲೆ ಸ್ವಲ್ಪ ಹೊಂದ್ಕೋಬೇಕು" ಎಂದರು. ಹೊಂದಿಕೊಳ್ಳಬೇಕು ಎಂಬ ಆ ಮಾತನ್ನು ಯಾರ ಬಾಯಲ್ಲಿ ಕೇಳಿದರೂ ಈಗ ನನಗೆ ರಕ್ತ ಕುದಿಯುತ್ತದೆ. ಯಾರು ಹೊಂದಿಕೊಳ್ಳಬೇಕು? ಕೆನ್ನೆ ಹೊಂದಿಕೊಳ್ಳಬೇಕೇ, ತಗಡು ಹೊಂದಿಕೊಳ್ಳಬೇಕೇ? ನುಚ್ಚಕ್ಕಿಯಷ್ಟು ಲೋಹವನ್ನು ಉಜ್ಜಿ ನುಣುಪು ಮಾಡುವುದಕ್ಕಿಂತ ಮಕ್ಕಳ ಬಾಯಿ ಗಟ್ಟಿಯಾಗಲಿ ಎಂದು ಕಾಯುವುದು ಸುಲಭವೆಂದು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಇವನ್ನೆಲ್ಲ ನಾನು ಅಲ್ಲಿ ಕೇಳಲಿಲ್ಲ. ಮನಸ್ಸಿನಲ್ಲಿ ವಾಕ್ಯವನ್ನು ಸರಿಪಡಿಸಿಕೊಳ್ಳುತ್ತಾ ನಿಂತಿದ್ದೆ.

ಅಕ್ಕ ಕೋಟಿನ ಜೇಬಿನಿಂದ ಒಂದು ಬ್ರಾಕೆಟ್ ತೆಗೆದು ಮೇಜಿನ ಮೇಲಿಟ್ಟರು. ಬಾಗಿಲನ್ನು ಉಗುರಿನಿಂದ ಮೂರು ಸಲ ತೆರೆದು ಮುಚ್ಚಿದರು.

"ಸಾರ್, ಇದನ್ನ ತುಟಿ ಒಳಗಿಟ್ಕೊಂಡು ಒಂದು ಕಾಫಿ ಕುಡೀರಿ. ಕುಡಿದಾದ್ಮೇಲೆ ಹೊಂದ್ಕೊಳ್ತು ಅಂದ್ರೆ ಮಿಕ್ಕಿರೋ ಡಬ್ಬಿಗೂ ನಾನೇ ಹಳ್ದಿ ಸ್ಟಿಕ್ಕರ್ ಅಂಟಿಸ್ತೀನಿ."

"ಏನಮ್ಮ ಇದು ತಮಾಷೆ."

"ತಮಾಷೆ ಅಲ್ಲ ಸಾರ್. ಕಾಫಿ ನಾನೇ ತಂದ್ಕೊಡ್ತೀನಿ, ಸಕ್ಕರೆ ಎಷ್ಟು?"

ಅವರು ಬ್ರಾಕೆಟ್ಟನ್ನು ಮುಟ್ಟಲಿಲ್ಲ.

ಹೊರಬಂದು ನಾನು ವರದಿ ಪುಸ್ತಕ ತೆಗೆದು ನನ್ನ ಸಾಲಿನ ಮೇಲೆ ಗೆರೆ ಎಳೆದೆ. ಅದರ ಪಕ್ಕದಲ್ಲಿ ಕನ್ನಡದಲ್ಲಿಯೇ, "ಬಾಗಿಲು ಮೂರು ಸಲ ತೆಗೆದ ಮೇಲೆ ಎಳೆ ಹಿಡಿಯುತ್ತದೆ. ಬಾಯಿಗೆ ಹಾಕುವ ಸಾಮಾನಲ್ಲ" ಎಂದು ಬರೆದು ಸಹಿ ಮಾಡಿದೆ. ಒಮ್ಮೆ ಬರೆದದ್ದನ್ನು ಹೊಡೆದು ಹಾಕುವುದು ನಿಯಮಬಾಹಿರ. ಆಗ ಮಾತ್ರ ಎಲ್ಲರೂ ಓಡಿ ಬಂದರು. ಬಾಯಿ ಸೀಳಿದಾಗ ಬಾರದವರು ಪುಸ್ತಕದಲ್ಲಿ ಗೆರೆ ಬಿದ್ದಾಗ ಬಂದರು. ಉಳಿದ ಡಬ್ಬಿಗಳನ್ನು "ಪ್ಯಾಕಿಂಗ್ ದೋಷ" ಎಂಬ ಕಾರಣ ಕೊಟ್ಟು ಹಿಂದಕ್ಕೆ ಪಡೆದರು. ಪ್ಯಾಕಿಂಗ್ ದೋಷವಂತೆ. ಅಂದರೆ ಅಕ್ಕನ ಮೇಜಿನ ದೋಷ.

ಆಗಲೇ ಹಾಕಿಸಿಕೊಂಡಿದ್ದ ಮಕ್ಕಳಿಗೆ ಯಾರೂ ಹೇಳಿ ಕಳುಹಿಸಲಿಲ್ಲ. ಶಿಬಿರದ ಪಟ್ಟಿ ನಾನೇ ಸಿದ್ಧಪಡಿಸಿದ್ದರಿಂದ ಊರುಗಳು ಗೊತ್ತಿದ್ದವು. ನಾಲ್ಕು ಭಾನುವಾರ ಅಕ್ಕನೂ ನಾನೂ ಬಸ್ಸಿನಲ್ಲಿ ತಿರುಗಿದೆವು. ಅವರ ಚೀಲದಲ್ಲಿ ಎಳೆ, ಸಿಬಿರಿನ ಮೇಲೆ ಒತ್ತಿ ಹಚ್ಚಲು ಮೇಣದ ಕಡ್ಡಿ. ಎಳೆ ಎಲ್ಲಿ ಹಿಡಿಯಿತೆಂದು ನಾನು ಚೀಟಿಯಲ್ಲಿ ಬರೆದುಕೊಟ್ಟು, ಇದನ್ನು ಬೇರೆ ದಂತವೈದ್ಯರಿಗೆ ತೋರಿಸಿ ಎನ್ನುತ್ತಿದ್ದೆ. ಸಾಸಲಿನ ಒಂದು ಮನೆಯಲ್ಲಿ ರಾಗಿ ಒಣಗಿಸುತ್ತಿದ್ದ ಅಜ್ಜ ಮೊಮ್ಮಗಳನ್ನು ಕರೆದು ಬಾಯಿ ತೆರೆಸಿದ. ಕೆನ್ನೆ ಒಳಗೆಲ್ಲ ಬೆಳ್ಳಗೆ ಹುಣ್ಣಾಗಿತ್ತು. "ಯಾಕಜ್ಜ, ಹೋಗಿ ಕೇಳಬಾರದಿತ್ತೇ?" ಎಂದೆ. "ಪುಕ್ಕಟೆ ಹಾಕವ್ರಲ್ಲವ್ವಾ, ಏನಂತ ಕೇಳಾದು?" ಎಂದ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ, "ಕೇಳಾದು ಹೆಂಗೆ ಅಂತಾನೇ ಗೊತ್ತಿಲ್ದಿರೋರಿಗೆ ಹಾಕ್ತಾರೆ ಕಣಮ್ಮ. ಓದಿರೋ ನೀನೇ ಕೇಳ್ಲಿಲ್ಲ" ಎಂದರು. ಅದು ಬೈಗುಳವೆಂದು ಮನೆ ಸೇರಿದ ಮೇಲೆ ಅರ್ಥವಾಯಿತು.

ಬೀಳ್ಕೊಡುಗೆಯ ದಿನ ಸೂಚನಾ ಫಲಕಕ್ಕೆ ಅವರ ಬಗ್ಗೆ ನಾಲ್ಕು ಸಾಲು ಬರೆಯಲು ನನಗೆ ಹೇಳಿದ್ದರು. ತಪಾಸಣೆಯ ಮೇಜು, ರೇಷ್ಮೆ ಎಳೆ ಎಂದು ಬರೆದುಕೊಟ್ಟೆ. ಆ ಮಾತುಗಳು ಹೋಗಿ, ಶ್ರದ್ಧೆ, ಸ್ಟಿಕ್ಕರ್ ಎಂಬ ಮಾತುಗಳಷ್ಟೇ ಫಲಕಕ್ಕೆ ಬಂದವು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅಕ್ಕ ಗಡಿಯಾರದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಫಲಕದ ಮುಂದೆ ನಿಂತು, "ಇದು ನಿನ್ನ ಬರವಣಿಗೇನಾ?" ಎಂದರು.

"ಅಲ್ಲ ಅಕ್ಕ."

"ಹಂಗಾದ್ರೆ ಸರಿ."

ಗುರುತಿನ ಚೀಟಿಯನ್ನು ಗೇಟಿನಲ್ಲಿ ಹಿಂದಿರುಗಿಸುವಾಗ ಅದರ ಹಿಂದಿದ್ದ ಎಳೆಯನ್ನು ತೆಗೆದು ನನ್ನ ಚೀಟಿಯ ಹಿಂದೆ ತುರುಕಿ ಹೋದರು. ಇದನ್ನು ಓದಿದ ಮೇಲೆ ಮ್ಯಾನೇಜರಿಗೆ ನನ್ನ ಮೇಲೆ ಕ್ರಮ ಜರುಗಿಸಬೇಕೆನಿಸಿದರೆ ಜರುಗಿಸಲಿ. ಉತ್ತರವನ್ನು ಕನ್ನಡದಲ್ಲಿಯೇ ಬರೆಯುತ್ತೇನೆ.

ನಮ್ಮ ಮನೆಯ ಸಂಗತಿ ಹೇಳಿ ಮುಗಿಸುತ್ತೇನೆ. ತಂಗಿಯ ಬ್ರಾಕೆಟ್ಟುಗಳನ್ನು ದೊಡ್ಡಬಳ್ಳಾಪುರದ ಬೇರೆ ವೈದ್ಯರ ಬಳಿ ತೆಗೆಸಿದೆವು. ಗಾಯಗಳು ಮಾಯ್ದಿವೆ. ಹಲ್ಲುಗಳು ಹೊರಟ ಜಾಗದಲ್ಲೂ ಇಲ್ಲ, ಸೇರಬೇಕಾದ ಜಾಗದಲ್ಲೂ ಇಲ್ಲ, ನಡುವೆ ನಿಂತಿವೆ. ಮತ್ತೆ ಕ್ಲಿಪ್ ಹಾಕಿಸೋಣವೆಂದರೆ ಅವಳು ಒಪ್ಪುತ್ತಿಲ್ಲ. ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಬಿಟ್ಟಿಲ್ಲ. ಅಮ್ಮ ಆ ವಿಷಯ ಎತ್ತುವುದಿಲ್ಲ. ಮನೆಗೆ ಕಾಗದ ಬಂದಾಗ ಅಪ್ಪ ಈಗಲೂ ಮಗ್ಗ ನಿಲ್ಲಿಸುತ್ತಾರೆ, ಕೈ ಒರೆಸಿಕೊಳ್ಳುತ್ತಾರೆ, ನನ್ನನ್ನು ದಾಟಿ ಹೋಗಿ ತಂಗಿಯ ಮುಂದೆ ಇಡುತ್ತಾರೆ. ಅವಳು ಬಾಯಿಂದ ಕೈ ತೆಗೆದು ಓದುತ್ತಾಳೆ. ಸಣ್ಣ ಅಕ್ಷರಗಳನ್ನು ಮೊದಲು ಓದುತ್ತಾಳೆ.